ಎರಡು ಗಂಟೆಯ ಪೂಜೆ

ಆಸ್ಪತ್ರೆಯವರು ಹೊಂಬಾಳಮ್ಮನನ್ನು ಹದಿನೈದು ದಿನಗಳ ಮಟ್ಟಿಗೆ ಊರಿಗೆ ಕಳಿಸಿಕೊಟ್ಟಾಗ ಅವಳ ಗಂಡ ತೋಂಟದಾರ್ಯನಿಗೆ ಸಂತೋಷವಾಗಲಿಲ್ಲ. ಬೆಂಗಳೂರಿನಲ್ಲಿ ಇರುವಷ್ಟು ದಿನ ಅವಳ ಜೀವ ಡಾಕ್ಟರ ಕೈಯಲ್ಲಿತ್ತು. ಈಗ ಅದನ್ನು ತನ್ನ ಕೈಗೆ ಕೊಟ್ಟು, ಜೋಪಾನವಾಗಿ ವಾಪಸು ತನ್ನಿ ಎಂದ ಹಾಗಾಯಿತು.

ಅದು ಎಪ್ಪತ್ತೊಂಬತ್ತನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಎಡಗಡೆಯ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಅದನ್ನು ಕೊಯ್ದು ತೆಗೆದು, ಗಾಯ ಮಾಗಿದ ಮೇಲೆ ಅವಳಿಗೆ ಕರೆಂಟು ಕೊಡುತ್ತಿದ್ದರು. ರೇಡಿಯೇಶನ್ನಿಗೆ ಆಸ್ಪತ್ರೆಯಲ್ಲಿ ರೋಗಿಗಳೆಲ್ಲ ಹೇಳುತ್ತಿದ್ದುದು ಹಾಗೆಯೇ. ಎದೆಯ ಮೇಲೆ ನೇರಳೆ ಬಣ್ಣದಲ್ಲಿ ಗೆರೆ ಎಳೆದು, ದೊಡ್ಡ ಯಂತ್ರದ ಕೆಳಗೆ ಮಲಗಿಸಿ, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿದ್ದವರ ಕಣ್ಣಿಗೆ ಏನೂ ಕಾಣದು, ಮೈಗೆ ಏನೂ ತಾಗದು. ಆದರೂ ಒಳಗೆ ಹೋಗಿ ಬಂದವಳು ದಿನದಿಂದ ದಿನಕ್ಕೆ ಬತ್ತುತ್ತಿದ್ದಳು. ಹದಿನೈದು ಸಲ ಕೊಟ್ಟಾಗಿತ್ತು. ಇನ್ನು ಹತ್ತು ಸಲ ಬಾಕಿ ಇತ್ತು.

"ಚರ್ಮ ಬೆಂದಿದೆ. ಮೈ ಸ್ವಲ್ಪ ಸುಧಾರಿಸಲಿ, ಆಮೇಲೆ ಮಿಕ್ಕಿದ್ದು ಕೊಡೋಣ" ಎಂದಿದ್ದರು ಡಾಕ್ಟರು. "ಬಂದ ದಿನ ಮೊದಲು ರಕ್ತ ನೋಡ್ತೀವಿ. ತೀರ ಕಡಿಮೆ ಇದ್ದರೆ ಕರೆಂಟು ಕೊಡೋಕಾಗಲ್ಲ. ಅರ್ಧಕ್ಕೆ ನಿಂತರೆ ಇಷ್ಟು ದಿನ ಪಟ್ಟ ಕಷ್ಟವೆಲ್ಲ ದಂಡ. ಚೆನ್ನಾಗಿ ಊಟ, ರೆಸ್ಟು. ಸುಸ್ತಂತೂ ಇದ್ದೇ ಇರುತ್ತೆ."

ತೋಂಟದಾರ್ಯನ ಕಿವಿಗೆ ಬಿದ್ದದ್ದು ದಂಡ ಎಂಬ ಒಂದು ಮಾತು. ಅದರ ಹಿಂದಿನದೂ ಮುಂದಿನದೂ ಅವನ ತಲೆಯಲ್ಲಿ ನಿಲ್ಲಲಿಲ್ಲ.

ಅವನ ಹೆದರಿಕೆಗೆ ಇನ್ನೊಂದು ಕಾರಣವಿತ್ತು. ವಾರ್ಡಿನಲ್ಲಿ ಹೊಂಬಾಳಮ್ಮನ ಪಕ್ಕದ ಮಂಚದಲ್ಲಿ ಮಧುಗಿರಿ ಕಡೆಯ ರಾಮಕ್ಕ ಎಂಬ ಹೆಂಗಸಿದ್ದಳು. ಬಾಯಿ ತುಂಬ ಮಾತಾಡುವವಳು, ನರ್ಸುಗಳನ್ನೂ ನಗಿಸುವವಳು. ಮೂರನೆಯ ವಾರದಲ್ಲಿ ಅವಳು ಮಾತು ಕಡಿಮೆ ಮಾಡಿ ಹಗಲೆಲ್ಲ ಮಲಗತೊಡಗಿದಳು. ಸುಸ್ತು ಕಣಣ್ಣ, ಸುಸ್ತು, ಎನ್ನುತ್ತಿದ್ದಳು. ಮೂರು ದಿನ ಹಾಗೆ ಮಲಗಿದಳು. ನಾಲ್ಕನೆಯ ದಿನ ಬೆಳಿಗ್ಗೆ ತೋಂಟದಾರ್ಯ ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಆ ಮಂಚದ ಹಾಸಿಗೆಯನ್ನು ಸುತ್ತಿ ಇಟ್ಟಿದ್ದರು. ಕೈಯಲ್ಲಿದ್ದ ಕಾಫಿ ಕೈಯಲ್ಲೇ ತಣ್ಣಗಾಯಿತು. ಹಗಲು ಹೊತ್ತಿನಲ್ಲಿ ಮಲಗುವವರು ಹಾಗೆಯೇ ಹೊರಟುಹೋಗುತ್ತಾರೆ ಎಂದು ಅವನ ಮನಸ್ಸು ಅಂದೇ ತೀರ್ಮಾನ ಮಾಡಿಕೊಂಡಿತು.

ಆದ್ದರಿಂದ ಊರಿಗೆ ಬಂದ ಮೊದಲ ದಿನದಿಂದಲೇ ಅವನು ಹೆಂಡತಿಯನ್ನು ಮಲಗಗೊಡಲಿಲ್ಲ.

ಅವರ ಮನೆ ನೊಣವಿನಕೆರೆಗೆ ಎರಡು ಮೈಲಿಯಲ್ಲಿತ್ತು. ನಾಲ್ಕು ಎಕರೆ ತೆಂಗಿನ ತೋಟ, ಎರಡು ಎಮ್ಮೆ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ತೋಟದ ಕೆಲಸವನ್ನು ಮಗ ನೋಡಿಕೊಳ್ಳುತ್ತಿದ್ದ, ಮನೆಯ ಕೆಲಸವನ್ನು ಸೊಸೆ ಗಿರಿಜಾಂಬಿಕಾ. ತೋಂಟದಾರ್ಯನಿಗೆ ಉಳಿದ ಕೆಲಸ ಹೆಂಡತಿಯನ್ನು ಕಾಯುವುದೊಂದೇ.

ಹೊಂಬಾಳಮ್ಮ ನಡುಮನೆಯ ಗೋಡೆಗೆ ಒರಗಿ ಕಣ್ಣು ಮುಚ್ಚಿದಳೆಂದರೆ ಅವನು ಬಂದು ಕೆಮ್ಮುತ್ತಿದ್ದ. ತೆರೆಯದಿದ್ದರೆ ಭುಜ ಅಲ್ಲಾಡಿಸುತ್ತಿದ್ದ.

"ಏನೇ, ಏಳೇ. ಹಗಲೊತ್ತು ಮಲಗ್ತಾರಾ?"

"ಮಲಗಿಲ್ಲ ಕಣ್ರೀ. ಕಣ್ಣು ಮುಚ್ಚಿದ್ದೆ."

"ಕಣ್ಣು ಯಾಕೆ ಮುಚ್ಚಬೇಕು? ಬಾ, ಅಂಗಳದಲ್ಲಿ ಒಂದು ಸುತ್ತು ನಡಿ."

ಅವಳು ಏಳುತ್ತಿದ್ದಳು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಗೋಡೆಗೆ ಊರುತ್ತ ಬಾಗಿಲವರೆಗೆ ಬರುತ್ತಿದ್ದಳು. ಹೊಸಿಲು ದಾಟುವಾಗ ಕಾಲು ಮೇಲಕ್ಕೆ ಬಾರದೆ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಿದ್ದಳು. ಮೂವತ್ತು ವರ್ಷದಿಂದ ಅವಳು ದಾಟುತ್ತಿದ್ದ ಹೊಸಿಲು ಅದು. ಅದರ ಮುಂದೆ ಹಾಗೆ ನಿಂತವಳನ್ನು ಕಂಡರೆ ತೋಂಟದಾರ್ಯ ಬೇರೆ ಕಡೆ ನೋಡುತ್ತಿದ್ದ.

ಒಂದು ಮಧ್ಯಾಹ್ನ ಅವನು ಅಟ್ಟದಿಂದ ನಾಲ್ಕು ಕಾಯಿ ಇಳಿಸಿ ತಂದು ಅವಳ ಮುಂದಿಟ್ಟ. ಅಟ್ಟದ ಮೇಲೆ ವರ್ಷಗಟ್ಟಲೆ ಬಿಟ್ಟ ಕಾಯಿಯಲ್ಲಿ ನೀರು ಇಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂಬುದನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಹೇಳಬೇಕು. ಆ ಓಣಿಯಲ್ಲಿ ಹೊಂಬಾಳಮ್ಮನ ಕಿವಿಗೆ ಸಮನಾದ ಕಿವಿ ಇರಲಿಲ್ಲ. ಕೊಬ್ಬರಿ ಸುಲಿಯುವವರು ಬಂದರೆ ಅಕ್ಕಪಕ್ಕದವರೂ ಅವಳನ್ನೇ ಕರೆಯುತ್ತಿದ್ದರು.

"ಇದ್ರಲ್ಲಿ ಯಾವ್ದು ಕೊಬ್ಬರಿಯಾಗ್ಯದೆ ಹೇಳು, ನೋಡಾನ."

"ನನ್ನ ಪರೀಕ್ಷೆ ಮಾಡ್ತಿದೀರಾ?"

"ಇಲ್ಲ ಕಣೇ, ಸುಮ್ನೆ."

ಅವಳು ಒಂದನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಯವರೆಗೆ ತಂದಳು. ಅಲ್ಲಾಡಿಸಲು ಹೋದರೆ ಕೈ ನಡುಗಿತು. ಕಾಯಿ ಮಡಿಲಿಗೆ ಇಳಿಯಿತು. ಇನ್ನೊಂದನ್ನು ಮುಟ್ಟಲಿಲ್ಲ.

"ಗೊತ್ತಾಗ್ತಿಲ್ಲ, ಬುಡಿ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ನಕ್ಕು, "ನೀವೇ ನನ್ನನ್ನ ಹಿಡಿದು ಅಲ್ಲಾಡಿಸಿ ನೋಡ್ರಿ, ಒಳಗೆ ನೀರಿದೆಯಾ ಅಂತ" ಎಂದಳು.

ಅವನಿಗೆ ನಗು ಬರಲಿಲ್ಲ. ಹಿತ್ತಲಿಗೆ ಹೋಗಿ ಎಮ್ಮೆಯ ಪಕ್ಕದಲ್ಲಿ ನಿಂತುಕೊಂಡ. ಶಿವನೇ, ನಿನಗೆ ಬೇಕಾದರೆ ನನ್ನನ್ನು ತೆಗೆದುಕೋ ಎಂದು ಕೇಳಿಕೊಳ್ಳಬೇಕೆಂದುಕೊಂಡ. ಆ ಮಾತೂ ಬಾಯಿಗೆ ಬರಲಿಲ್ಲ. ಅವನಿಗೆ ತನ್ನ ಸಾವಿನ ಭಯವೂ ಇತ್ತು.

ಇಷ್ಟು ದಿಗಿಲಿನ ನಡುವೆ ಅವನಿಗೆ ಧೈರ್ಯ ಕೊಡುತ್ತಿದ್ದ ಸಂಗತಿ ಒಂದೇ. ಅದು ಅವಳ ಪೂಜೆ.

ಲಿಂಗಪೂಜೆಯಾಗದೆ ಬಾಯಿಗೆ ಅನ್ನ ಹಾಕುವ ಮನೆಯಲ್ಲ ಅದು. ಮಾತ್ರೆ ನುಂಗುವಾಗಿನ ಗುಟುಕು ನೀರಿಗೆ ಮಾತ್ರ ಊರಿನ ಜಂಗಮ ಏಕಾಂತಯ್ಯನವರು ಅಪ್ಪಣೆ ಕೊಟ್ಟಿದ್ದರು. ಎದೆಯ ಮೇಲಿನ ಗೆರೆ ಅಳಿಸಬಾರದೆಂದು ಆಸ್ಪತ್ರೆಯಲ್ಲಿ ಸ್ನಾನ ಬೇಡವೆಂದಾಗ, ವಿಭೂತಿ ಧರಿಸಿದರೆ ಸಾಕು ಎಂದವರೂ ಅವರೇ. ಯಂತ್ರದ ಕೆಳಗೆ ಲಿಂಗವಿಡುವ ಬೆಳ್ಳಿಯ ಕರಡಿಗೆ ಇರಬಾರದೆಂದಾಗ ಹೊಂಬಾಳಮ್ಮ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ತಲೆಯ ಮೇಲೆ ಸೆರಗಿನೊಳಗೆ ಇಟ್ಟುಕೊಂಡು ಮಲಗಿದ್ದಳು. ಅಂಥವಳು ಊರಿಗೆ ಬಂದ ಮೇಲೆ ದೇವರ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡರೆ ಒಂದು ಗಂಟೆ, ಒಂದೂವರೆ ಗಂಟೆ, ಕೆಲವು ದಿನ ಎರಡು ಗಂಟೆ ಹೊರಗೆ ಬರುತ್ತಿರಲಿಲ್ಲ. ಮೊದಲೆಲ್ಲ ಅವಳ ಪೂಜೆ ಕಾಲು ಗಂಟೆಯದು.

ಪೂಜೆಗೆ ಕೂತವರ ಬಾಗಿಲನ್ನು ತಟ್ಟುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ತೋಂಟದಾರ್ಯ ಜಗಲಿಯ ಮೇಲೆ ಕೂತು ಹೋಗುವವರು ಬರುವವರಿಗೆಲ್ಲ ಹೇಳುತ್ತಿದ್ದ.

"ಎರಡು ಗಂಟೆ ಕೂತು ಪೂಜೆ ಮಾಡ್ತಾಳೆ ಕಣಪ್ಪ. ಶಕ್ತಿ ಇಲ್ದಿದ್ರೆ ಕೂರಕ್ಕಾಯ್ತದಾ? ಇನ್ನೇನು ಭಯ ಇಲ್ಲ."

ಒಂಬತ್ತನೆಯ ದಿನ ಬೆಳಿಗ್ಗೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಯನ್ನು ಕೇಳಿದ.

"ಗಿರಿಜಾ, ನಿಮ್ಮತ್ತೆ ನಿನ್ನೆ ಎಷ್ಟು ಉಂಡ್ಳು?"

ಗಿರಿಜಾಂಬಿಕಾ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿದಳು.

"ನಿಮ್ ಜೊತೆ ಉಂಡೆ ಅಂದ್ರಲ್ಲ, ಮಾವ?"

"ನನ್ ಜೊತೆನಾ? ನಾನು ತೋಟಕ್ಕೋಗಿದ್ದೆ. ನಿನ್ ಜೊತೆ ಉಂಡೆ ಅಂದ್ಲು ನನಗೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊನ್ನೆ? ಮೊನ್ನೆಯೂ ಹಾಗೆಯೇ. ಆಚೆಮೊನ್ನೆ ಸಾಯಂಕಾಲ ಮಾತ್ರ ಒಂದು ಬಟ್ಟಲು ಅನ್ನ ಮಜ್ಜಿಗೆ ಉಂಡಿದ್ದನ್ನು ಗಿರಿಜಾಂಬಿಕಾ ಕಣ್ಣಾರೆ ಕಂಡಿದ್ದಳು.

"ಈಗೆಲ್ಲಿ ಅವಳು?"

"ಪೂಜೆಗೆ ಕೂತವ್ರೆ. ಆಗಲೇ ಹೋದ್ರು."

ದೇವರ ಕೋಣೆಯ ಬಾಗಿಲು ಮುಚ್ಚಿತ್ತು. ತೋಂಟದಾರ್ಯ ಅದಕ್ಕೆ ಕಿವಿ ಕೊಟ್ಟ. ಮಂತ್ರದ ಪಿಸುಮಾತಿಲ್ಲ, ಗಂಟೆಯಿಲ್ಲ, ಬಳೆಯ ಸದ್ದೂ ಇಲ್ಲ. ಒಳಗೆ ಯಾರೂ ಇಲ್ಲದ ಕೋಣೆಯ ಹಾಗಿತ್ತು. ಅವನ ಕಣ್ಣಿನ ಮುಂದೆ ಸುತ್ತಿಟ್ಟ ಹಾಸಿಗೆ ಬಂತು. ಹುಟ್ಟಿದಾರಭ್ಯ ಮಾಡದ ಕೆಲಸವನ್ನು ಅವನು ಅಂದು ಮಾಡಿದ. ಬಾಗಿಲು ತಳ್ಳಿದ.

ಹೊಂಬಾಳಮ್ಮ ಮಣೆಯ ಪಕ್ಕದಲ್ಲಿ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಕೆನ್ನೆ ನೆಲಕ್ಕೆ ತಾಗಿತ್ತು. ಹಣೆಯ ವಿಭೂತಿ ನೆಲಕ್ಕೆ ಅಂಟಿತ್ತು. ಎರಡೂ ಕೈಗಳನ್ನು ಮುಚ್ಚಿ ಗಂಟಲ ಹತ್ತಿರ ಒತ್ತಿಕೊಂಡಿದ್ದಳು.

ಅವನು ಒಳಗೆ ನುಗ್ಗಿದ. "ಹೊಂಬಾಳೀ" ಎಂದು ಕೂಗಿದ. ಮದುವೆಯಾದ ಹೊಸದರಲ್ಲಿ ಕರೆಯುತ್ತಿದ್ದ ಹೆಸರು, ಮಗ ಹುಟ್ಟಿದ ಮೇಲೆ ಬಿಟ್ಟುಹೋಗಿದ್ದು. ಹಿಂದೆ ನಿಂತ ಗಿರಿಜಾಂಬಿಕಾ ಬಾಯಿಗೆ ಸೆರಗು ಒತ್ತಿಕೊಂಡಳು.

ಹೊಂಬಾಳಮ್ಮ ಕಣ್ಣು ಬಿಟ್ಟಳು.

"ಕೂಗಬ್ಯಾಡ್ರೀ" ಎಂದಳು ಮೆಲ್ಲಗೆ. "ಲಿಂಗ ಕೈಲದೆ."

ಅವನು ಅವಳನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸಿದ. ಮೈ ಹತ್ತಿಯ ಹಾಗೆ ಹಗುರವಾಗಿತ್ತು. ಗಿರಿಜಾಂಬಿಕಾ ನೀರು ತಂದಳು. ಹೊಂಬಾಳಮ್ಮ ಬೇಡವೆಂದು ತಲೆ ಆಡಿಸಿದಳು.

"ಪೂಜೆ ಆಗಿಲ್ಲ."

"ಎಷ್ಟು ದಿನದಿಂದ ಹಿಂಗೆ?" ತೋಂಟದಾರ್ಯನ ಧ್ವನಿ ಸಿಟ್ಟಿನ ಹಾಗೆ ಹೊರಟಿತು.

"ಬಂದಾಗಿಂದ. ಎಡಗೈ ನಿಲ್ಲಲ್ಲ ಕಣ್ರೀ. ಕೊಯ್ದ ಕಡೆ ಕೈ ಅದು. ಲಿಂಗ ಇಟ್ಕಂಡು ಎತ್ತಿದ್ರೆ ನಡುಗ್ತದೆ. ಬಿದ್ದೋದ್ರೆ ಏನು ಗತಿ? ಕೆಳಕ್ಕಿಳಿಸಿ, ಸುಧಾರಿಸ್ಕಂಡು, ಮತ್ತೆ ಎತ್ತೋದು. ಒಂದೊಂದು ದಿನ ಆಯ್ತದೆ. ಒಂದೊಂದು ದಿನ ಆಗಲ್ಲ. ಆಗದಿದ್ದ ದಿನ ಹೆಂಗೆ ಉಣ್ಲಿ?"

"ಹೇಳಕ್ಕೇನಾಗಿತ್ತು ನಿನಗೆ?"

"ಯಾರಿಗೆ ಹೇಳ್ಲಿ? ಎರಡು ಗಂಟೆ ಪೂಜೆ ಮಾಡ್ತಾಳೆ ಅಂತ ಊರಿಗೆಲ್ಲ ನೀವೇ ಸಾರಿದ್ರಿ. ಆಗ ಮಾತ್ರ ನಿಮ್ಮ ಮುಖ ಸರಿಯಾಗಿರೋದು. ನಿಮ್ಮ ಮುಖ ನೋಡಿದ್ರೆ ನನಗೆ ಹೆದ್ರಿಕೆ ಕಣ್ರೀ, ಕಾಯಿಲೆಗಿಂತ." ಅವಳು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಳು. "ಇನ್ನೊಂದು ಹೇಳ್ತೀನಿ, ಬೈಬ್ಯಾಡಿ. ಈ ಮನೇಲಿ ನೀವು ನನ್ನನ್ನ ಎಬ್ಬಿಸದೆ ಇರೋ ಜಾಗ ಇದೊಂದೇ. ಲಿಂಗ ಕೈಲಿಟ್ಕಂಡೇ ನಿದ್ದೆ ಮಾಡ್ತಿದ್ದೆ. ಪಾಪ ಬರ್ತದೋ ಏನೋ."

ಒಂಬತ್ತು ದಿನ ತಾನು ಜಗಲಿಯಲ್ಲಿ ಕೂತು ಧೈರ್ಯ ತಂದುಕೊಂಡಿದ್ದು ಹೀಗೆ ನೆಲದ ಮೇಲೆ ಬಿದ್ದವಳನ್ನು ನಂಬಿ ಎಂಬುದು ತೋಂಟದಾರ್ಯನಿಗೆ ಈಗ ತಿಳಿಯಿತು. ಊಟ ತಪ್ಪಿಸಿದ್ದು ಅವಳ ಕೈ, ನಿದ್ದೆ ತಪ್ಪಿಸಿದ್ದು ತಾನು. ಇನ್ನು ಉಳಿದಿರುವುದು ಆರೇ ದಿನ.

ಅವಳು ಮತ್ತೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಎತ್ತಲು ನೋಡಿದಳು. ಕೈ ಎದೆಯ ಮಟ್ಟಕ್ಕೆ ಬರುತ್ತಲೇ ನಡುಕ ಹುಟ್ಟಿತು. ಬೆರಳು ಸಡಿಲವಾಯಿತು. ತೋಂಟದಾರ್ಯ ಯೋಚಿಸಲಿಲ್ಲ. ತನ್ನ ಅಂಗೈಯನ್ನು ಅವಳ ಅಂಗೈಯ ಕೆಳಗೆ ಕೊಟ್ಟ. ಲಿಂಗವನ್ನು ಮುಟ್ಟಲಿಲ್ಲ, ಅವಳ ಕೈಯನ್ನು ಹೊತ್ತುಕೊಂಡ, ಅಷ್ಟೇ. ನಡುಕ ಅವನ ಕೈಗೂ ಹತ್ತಿತು. ಆದರೂ ಎರಡು ಕೈ ಸೇರಿ ನಿಂತಿತು.

ಹೊಂಬಾಳಮ್ಮ ಅವನ ಮುಖ ನೋಡಿ, ಆಮೇಲೆ ಲಿಂಗವನ್ನು ನೋಡಿದಳು. ಬಲಗೈಯಿಂದ ನೀರು ಬಿಟ್ಟಳು, ವಿಭೂತಿ ಇಟ್ಟಳು, ಒಂದು ಪತ್ರೆ ಏರಿಸಿದಳು. ಕಾಲು ಗಂಟೆಯೂ ಹಿಡಿಯಲಿಲ್ಲ. ಗಿರಿಜಾಂಬಿಕಾ ಆಗಲೇ ರಾಗಿ ಗಂಜಿ ತಂದು ಬಾಗಿಲಲ್ಲಿ ಕಾಯುತ್ತಿದ್ದಳು.

ಹೆಂಡತಿ ಗಂಜಿ ಕುಡಿಯುವುದನ್ನು ನೋಡುವವರೆಗೂ ಅವನಿಗೆ ಬೇರೆ ಚಿಂತೆ ಇರಲಿಲ್ಲ. ಕುಡಿದಾದ ಮೇಲೆ ಹೊಸ ಭಯ ಬಂತು. ಒಬ್ಬರ ಲಿಂಗಪೂಜೆಯಲ್ಲಿ ಇನ್ನೊಬ್ಬರು ಕೈ ಹಾಕಬಹುದೇ? ಅಂಗದ ಮೇಲಿನ ಲಿಂಗ ಅವರವರದು. ಇರುವ ಆಪತ್ತಿನ ಮೇಲೆ ತಾನೇ ಇನ್ನೊಂದನ್ನು ತಂದುಕೊಂಡೆನೇ ಎಂದುಕೊಂಡ. ಟವೆಲು ಹೆಗಲಿಗೆ ಹಾಕಿಕೊಂಡು ಏಕಾಂತಯ್ಯನವರ ಮನೆಗೆ ನಡೆದ.

ಏಕಾಂತಯ್ಯನವರು ಎಂಬತ್ತರ ಹತ್ತಿರದವರು. ಮನೆಯ ಹಟ್ಟಿಯಂಗಳದಲ್ಲಿ ಚಾಪೆ ಹಾಕಿಕೊಂಡು ಹುಣಿಸೆಹಣ್ಣಿನ ನಾರು ತೆಗೆಯುತ್ತಿದ್ದರು. ತೋಂಟದಾರ್ಯ ಹೇಳಿದ್ದನ್ನೆಲ್ಲ ಕೇಳಿ, "ನೀನು ಲಿಂಗ ಮುಟ್ಟಿದ್ಯೇನಪ್ಪ?" ಎಂದರು.

"ಇಲ್ಲ ಅಯ್ನೋರೆ. ಅವಳ ಕೈ ಅಷ್ಟೇ."

"ಹೆಂಡ್ತಿ ಕೈ ಹಿಡಿದೆ ಅಂತ ಹೇಳಕ್ಕೆ ಈ ಬಿಸಿಲಲ್ಲಿ ಬಂದ್ಯಾ? ಹುಚ್ಚಪ್ಪ. ಹೋಗು, ದಿನಾ ಹಿಡಿ."

"ನನ್ನ ಸಮಾಧಾನಕ್ಕೆ ಹೇಳಬ್ಯಾಡಿ, ಬುದ್ಧಿ. ದೋಷ ಇದ್ರೆ ದೋಷ ಅಂದ್ಬುಡಿ."

ಮುದುಕರು ಹುಣಿಸೆಹಣ್ಣನ್ನು ಮೊರಕ್ಕೆ ಹಾಕಿ ಕೈ ಒರೆಸಿಕೊಂಡರು. ಅವರ ಮಾತಿನಲ್ಲಿದ್ದ ಹಾಸ್ಯ ಹೋಯಿತು.

"ಸಮಾಧಾನ ಹೇಳೋದು ನನಗೆ ಬರಲ್ಲ, ತೋಂಟಪ್ಪ. ನಮ್ಮ ಮನೆಯೋಳು ಹಾಸಿಗೆ ಹಿಡಿದಾಗ ಕೂರಕ್ಕಾಗಲ್ಲ ಅಂದ್ಲು. ನೇಮ ಬಿಡಬ್ಯಾಡ, ಕೂತು ಮಾಡು ಅಂದೆ ನಾನು. ಊರಿಗೆಲ್ಲ ಲಿಂಗ ಕಟ್ಟಿದೋನು ನಾನು, ನನ್ನ ಮನೇಲೇ ನೇಮ ತಪ್ಪಿದ್ರೆ ಹೆಂಗೆ ಅಂತ. ಕೂತ್ಲು, ಪಾಪ. ಹನ್ನೊಂದು ದಿನ ಕೂತ್ಲು." ಅವರು ಮೊರವನ್ನು ಪಕ್ಕಕ್ಕೆ ಸರಿಸಿದರು. "ಅವಳು ಹೋಗಿ ಹದಿನಾಲ್ಕು ವರ್ಷ ಆಯ್ತು. ಹೊಂಬಾಳಮ್ಮ ಮಲಗೇ ಮಾಡ್ಲಿ. ಅಂಗೈಲಿಟ್ಟು ಒಂದು ಸಲ ಕಣ್ತುಂಬ ನೋಡಿ, ನೀರು ಬಿಟ್ಟು, ಉಣ್ಲಿ. ಅಯ್ಯ ಹೇಳಿದ್ರು ಅನ್ನು. ಅಪ್ಪಣೆ ಅನ್ನು. ಅವಳು ಕೇಳದಿದ್ರೆ ನಾನೇ ಬಂದು ಹೇಳ್ತೀನಿ."

ತೋಂಟದಾರ್ಯ ಅವರ ಕಾಲಿಗೆ ಬಿದ್ದು ಎದ್ದ. ದಾರಿಯುದ್ದಕ್ಕೂ ಅವನಿಗೆ ಅವರ ಹನ್ನೊಂದು ದಿನವೇ ನೆನಪಾಗುತ್ತಿತ್ತು.

ಉಳಿದ ಆರು ದಿನ ಮನೆ ಬೇರೆ ಥರ ನಡೆಯಿತು. ಬೆಳಿಗ್ಗೆ ಅವನು ಅಂಗೈ ಕೊಡುತ್ತಿದ್ದ, ಅವಳು ದಿಂಬಿಗೆ ಒರಗಿ ಪೂಜೆ ಮುಗಿಸುತ್ತಿದ್ದಳು. ಗಿರಿಜಾಂಬಿಕಾ ಎರಡು ಹೊತ್ತಿನ ಊಟವನ್ನು ಐದು ಹೊತ್ತು ಮಾಡಿ, ಬಟ್ಟಲು ಬಟ್ಟಲಾಗಿ ಗಂಜಿ, ಹಾಲು, ಬೇಳೆಕಟ್ಟು ಕೊಡುತ್ತಿದ್ದಳು. "ನನಗೇನು ಬಾಣಂತನ ಮಾಡ್ತಿದೀಯಾ?" ಎಂದು ಅತ್ತೆ ಕೇಳಿದರೆ, "ನನ್ನದು ನೀವು ಮಾಡಿದ್ರಲ್ಲ ಅತ್ತೆ, ತೀರಿಸ್ಕಳಿ" ಎನ್ನುತ್ತಿದ್ದಳು. ಬಾಗಿಲ ಹತ್ತಿರ ಒಂದು ಮಣೆ ಹಾಕಿದರು, ಹೊಸಿಲು ದಾಟುವ ಮೊದಲು ಕೂತು ಸುಧಾರಿಸಿಕೊಳ್ಳಲಿ ಎಂದು.

ಮಧ್ಯಾಹ್ನ ಮಾತ್ರ ಅವಳು ಮಲಗಿದರೆ ತೋಂಟದಾರ್ಯನಿಗೆ ಕಷ್ಟವಾಗುತ್ತಿತ್ತು. ಎಬ್ಬಿಸುವುದಿಲ್ಲವೆಂದು ಮಾತು ಕೊಟ್ಟಿದ್ದ. ಮೊದಲ ದಿನ ಗಳಿಗೆಗೊಮ್ಮೆ ಬಾಗಿಲಿಗೆ ಬಂದು ಸೆರಗು ಏಳುತ್ತಿದೆಯೇ ಬೀಳುತ್ತಿದೆಯೇ ಎಂದು ನೋಡಿದ. ಎರಡನೆಯ ದಿನ ತಡೆಯಲಾರದೆ ಪಾತ್ರೆ ಸದ್ದು ಮಾಡಿದ. "ಬದುಕಿದೀನಿ ಕಣ್ರೀ" ಎಂದಳು ಅವಳು ಕಣ್ಣು ಬಿಡದೆ. ಅವನು ನಾಚಿ ಹಿತ್ತಲಿಗೆ ಹೋದ.

ಆದರೆ ಸುಸ್ತು ಹೋಗಲಿಲ್ಲ. ಉಂಡರೂ ಮಲಗಿದರೂ ಅದು ಹೋಗಲಿಲ್ಲ. ಮುಖಕ್ಕೆ ಒಂದಿಷ್ಟು ಕಳೆ ಬಂತು, ಮಾತು ಪೂರ್ತಿಯಾಗಿ ಬಂತು, ನಾಲ್ಕು ಹೆಜ್ಜೆ ಹೆಚ್ಚು ನಡೆದಳು. ಅಷ್ಟೇ. ಅಷ್ಟು ಸಾಕೇ ಎಂಬುದು ಅವನಿಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹದಿನಾರನೆಯ ದಿನ ತಿಪಟೂರಿನಲ್ಲಿ ರೈಲು ಹತ್ತಿದರು. ಬಾಣಸಂದ್ರ ದಾಟುವಷ್ಟರಲ್ಲಿ ಅವಳು ಅವನ ಹೆಗಲಿಗೆ ತಲೆ ಕೊಟ್ಟು ನಿದ್ದೆಹೋದಳು. ಗಾಡಿಯ ಸದ್ದಿನಲ್ಲಿ ಉಸಿರು ಕೇಳಿಸದು. ಅವನ ಹೆಗಲು ಜೋಮು ಹಿಡಿಯಿತು, ತುಮಕೂರಿನಲ್ಲಿ ಕಾಫಿ ಮಾರುವವನು ಬಂದು ಹೋದ. ಅವನು ಕದಲಲಿಲ್ಲ.

ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ರಕ್ತ ತೆಗೆದುಕೊಂಡರು. ಚೀಟಿ ಬರುವವರೆಗೆ ಮರದ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ಚೀಟಿ ನೋಡಿ ಹುಬ್ಬು ಗಂಟಿಕ್ಕಿ, ಹಳೆಯ ಚೀಟಿ ತೆಗೆದು ಪಕ್ಕದಲ್ಲಿ ಇಟ್ಟುಕೊಂಡು ಮತ್ತೆ ನೋಡಿದರು. ತೋಂಟದಾರ್ಯನ ಕಿವಿಯೊಳಗೆ ದಂಡ, ದಂಡ ಎಂದು ಹೊಡೆದುಕೊಳ್ಳುತ್ತಿತ್ತು.

"ಇನ್ನೊಂಚೂರು ಇದ್ದಿದ್ರೆ ಚೆನ್ನಾಗಿತ್ತು" ಎಂದರು ಡಾಕ್ಟರು. "ಇರಲಿ, ನಾಳೆಯಿಂದ ಶುರು ಮಾಡೋಣ."

"ಪೂರ್ತಿ ಹತ್ತೂ ಕೊಡ್ತೀರಾ, ಸ್ವಾಮಿ?"

"ಈಗ ಹೇಳೋಕಾಗಲ್ಲ, ವಾರಕ್ಕೊಮ್ಮೆ ರಕ್ತ ನೋಡ್ತಾ ಹೋಗ್ತೀವಿ. ಈ ಸಲ ಸುಸ್ತು ಹೋದ ಸಲಕ್ಕಿಂತ ಜಾಸ್ತಿಯೇ ಇರುತ್ತೆ. ಅದು ಕಾಯಿಲೆ ಜಾಸ್ತಿಯಾಯ್ತು ಅಂತಲ್ಲ, ಕರೆಂಟಿನ ಸುಸ್ತು. ಮಲಗಬೇಕು ಅಂದರೆ ಮಲಗಲಿ, ಬಿಡಿ."

"ಆ ರಾಮಕ್ಕನೂ..." ಎಂದು ತೋಂಟದಾರ್ಯ ಶುರು ಮಾಡಿದ. ಹೊಂಬಾಳಮ್ಮ ಪಕ್ಕದಲ್ಲಿದ್ದಳು. ಅವನು ಅಲ್ಲಿಗೇ ನಿಲ್ಲಿಸಿದ.

ಮರುದಿನ ಹತ್ತು ಗಂಟೆಗೆ ಅವಳನ್ನು ಕರೆದರು. ಲಿಂಗವನ್ನು ತಲೆಯ ಮೇಲೆ ಕಟ್ಟಿಕೊಂಡು ಒಳಗೆ ಹೋದಳು, ಬಾಗಿಲು ಮುಚ್ಚಿತು, ಸ್ವಲ್ಪ ಹೊತ್ತಿಗೆ ತೆರೆಯಿತು. ಹೊರಗೆ ಬಂದವಳನ್ನು ಅವನು ಹಿಡಿದು ವಾರ್ಡಿಗೆ ನಡೆಸಿದ. ರಾಮಕ್ಕ ಇದ್ದ ಮಂಚದಲ್ಲಿ ಈಗ ಮರಿಯಮ್ಮ ಎಂಬ ಬೇರೊಬ್ಬಳು ಕೂತು ಕಿತ್ತಲೆ ಹಣ್ಣು ಸುಲಿಯುತ್ತಿದ್ದಳು. ಕಿಟಕಿಯಿಂದ ಬಿಸಿಲು ಹೊಂಬಾಳಮ್ಮನ ದಿಂಬಿನ ಮೇಲೆ ಬಿದ್ದಿತ್ತು. ಅವಳು ಮಂಚದ ಅಂಚಿನಲ್ಲಿ ಕೂತಳು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಅವಳು ಬಲವಂತದಿಂದ ತೆರೆಯುತ್ತಿದ್ದಳು.

"ಮಲಗ್ಲಾ?" ಎಂದಳು.

ಹೊರಗೆ ಹಗಲು ಹನ್ನೊಂದು ಗಂಟೆ. ಪಕ್ಕದ ಮಂಚವನ್ನು ತೋಂಟದಾರ್ಯ ನೋಡಬಾರದೆಂದರೂ ನೋಡಿದ.

"ಮಲಗು ಕಣೇ" ಎಂದ. "ಎಷ್ಟೊತ್ತು ಬೇಕೋ ಅಷ್ಟೊತ್ತು ಮಲಗು."

ಅವಳು ಗೋಡೆಯ ಕಡೆಗೆ ತಿರುಗಿ ಮಲಗಿದಳು. ಅವನು ಸ್ಟೂಲನ್ನು ಕಿಟಕಿಗೆ ಅಡ್ಡವಾಗಿ ಎಳೆದುಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು, ಅವಳ ಮುಖದ ಮೇಲೆ ನೆರಳು ಬೀಳುವ ಹಾಗೆ ಕೂತ. ಭಯ ಹಾಗೇ ಇತ್ತು. ಅವನು ಪಂಚಾಕ್ಷರಿಯನ್ನು ತುಟಿ ಅಲ್ಲಾಡಿಸದೆ ಹೇಳಿಕೊಳ್ಳುತ್ತ, ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು, ಅವಳು ತಾನಾಗಿ ಏಳುವವರೆಗೂ ಹಾಗೆಯೇ ಕೂತಿದ್ದ.